ಅತಿಕ್ರಮದಿಂದ ಅನಾಚಾರಕ್ಕೆ: ಮಹಾಯುದ್ಧದ ಒಂದು ದೃಷ್ಟಾಂತ

ವ್ರತವು ಒಂದೇ ಏಟಿಗೆ ಮುರಿಯುವ ವಸ್ತುವಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಈ ಇಳಿತವನ್ನು ನಮ್ಮ ಆಚಾರ್ಯರು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರವೆಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮನಶ್ಶುದ್ಧಿಗೆ ಕುಂದು ತಟ್ಟುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ತ್ಯಜಿಸಿದ ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ. ಅದರಲ್ಲಿಯೇ ಆಸಕ್ತನಾಗಿ ನೆಲಸಿಬಿಡುವುದು ಅನಾಚಾರ. ಪೈರಿನ ಹೊಲವನ್ನು ಕಂಡ ಮುದಿ ಎತ್ತಿನ ದೃಷ್ಟಾಂತವು ಸ್ವಾಧ್ಯಾಯ ಮಾಡುವವರಿಗೆ ಪರಿಚಿತವಾದುದು. ಬೇಲಿಯ ಹೊರಗೆ ನಿಂತು ಹಸಿರನ್ನು ಬಯಸುವುದು ಮೊದಲನೆಯದು. ಬೇಲಿಯ ಸಂದಿನಲ್ಲಿ ತಲೆ ತೂರಿಸುವುದು ಎರಡನೆಯದು. ಒಂದು ತುತ್ತು ಕಿತ್ತುಕೊಳ್ಳುವುದು ಮೂರನೆಯದು. ಒಳನುಗ್ಗಿ ಹೊಟ್ಟೆತುಂಬ ಮೇಯುವುದು ನಾಲ್ಕನೆಯದು.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರಿಗೆ ಈ ಮೆಟ್ಟಿಲುಗಳ ಅನುಭವವಿಲ್ಲದೆ ಇಲ್ಲ. ಆದರೆ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಈ ನಾಲ್ಕರಲ್ಲಿ ವ್ರತವು ನಿಜವಾಗಿ ಕೆಟ್ಟುದು ಎಲ್ಲಿ? ತುತ್ತು ಬಾಯಿಗೆ ಹೋದಾಗಲೇ? ಅಥವಾ ಅದಕ್ಕಿಂತ ಬಹಳ ಹಿಂದೆ, ಯಾರ ಕಣ್ಣಿಗೂ ಬೀಳದ ಯಾವುದೋ ಒಂದು ಕ್ಷಣದಲ್ಲಿಯೇ? ಅಡುಗೆಮನೆಯ ಉದಾಹರಣೆ ಚಿಕ್ಕದಾದುದರಿಂದ ಅಲ್ಲಿ ಉತ್ತರವು ಸ್ಪಷ್ಟವಾಗಿ ಕಾಣುವುದಿಲ್ಲ. ಅಹಿಂಸೆಯ ವಿಷಯದಲ್ಲಿ ಲಕ್ಷಾಂತರ ಜೀವಗಳ ಬೆಲೆ ತೆತ್ತು ಜಗತ್ತು ಕಲಿತ, ಅಥವಾ ಕಲಿಯಬೇಕಾಗಿದ್ದ, ಒಂದು ಪಾಠವಿದೆ. ೧೯೩೯ರಿಂದ ೧೯೪೫ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರು ವಿಮಾನಗಳು ಜರ್ಮನಿಯ ಮೇಲೆ ನಡೆಸಿದ ದಾಳಿಗಳ ಕಥೆಯದು. ಅದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಮಾನದೊಳಗಿನ ಏಳು ಮಂದಿ

ಆ ದಾಳಿಗಳಲ್ಲಿ ಹೆಚ್ಚಾಗಿ ಬಳಕೆಯಾದುದು ಲಂಕಾಸ್ಟರ್ ಎಂಬ ನಾಲ್ಕು ಇಂಜಿನುಗಳ ವಿಮಾನ. ಅದರೊಳಗೆ ಏಳು ಜನ. ವಿಮಾನವನ್ನು ನಡೆಸುವವನೊಬ್ಬ, ಇಂಜಿನುಗಳನ್ನು ನೋಡಿಕೊಳ್ಳುವವನೊಬ್ಬ, ದಾರಿಯ ಲೆಕ್ಕ ಹಾಕುವವನೊಬ್ಬ, ನಿಸ್ತಂತು ಯಂತ್ರದವನೊಬ್ಬ, ಗುರಿ ನೋಡಿ ಬಾಂಬನ್ನು ಬೀಳಿಸುವವನೊಬ್ಬ, ಬೆನ್ನಿನ ಮೇಲಿನ ಗೋಪುರದಲ್ಲಿಯೂ ಬಾಲದ ತುದಿಯ ಗೋಪುರದಲ್ಲಿಯೂ ಬಂದೂಕುಗಾರರಿಬ್ಬರು. ಬಾಲದವನ ಸ್ಥಿತಿಯಂತೂ ಊಹಿಸಲೂ ಕಷ್ಟ. ಸಂಗಡಿಗರಿಂದ ದೂರದಲ್ಲಿ, ಕಾಲು ಚಾಚಲು ಎಡೆಯಿಲ್ಲದ ಗೂಡಿನಲ್ಲಿ, ನೀರು ಗಡ್ಡೆಗಟ್ಟುವುದಕ್ಕಿಂತಲೂ ಬಹಳ ಹೆಚ್ಚಿನ ಚಳಿಯಲ್ಲಿ, ಹಿಂದಕ್ಕೆ ಸರಿಯುವ ಕತ್ತಲನ್ನು ನೋಡುತ್ತ ಆತ ಗಂಟೆಗಟ್ಟಲೆ ಕುಳಿತಿರಬೇಕು.

ಇವರ ಸರಾಸರಿ ವಯಸ್ಸು ಇಪ್ಪತ್ತೆರಡರ ಸುಮಾರು. ಒಬ್ಬೊಬ್ಬನೂ ತಾನಾಗಿ ಮುಂದೆ ಬಂದು ಹೆಸರು ಕೊಟ್ಟವನು. ವಿಮಾನವೇರಲು ಯಾರನ್ನೂ ಬಲವಂತದಿಂದ ತರಲಿಲ್ಲ. ಬ್ರಿಟನ್ನಿನವರಲ್ಲದೆ ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಪೋಲೆಂಡ್ ಮೊದಲಾದ ದೇಶಗಳ ತರುಣರೂ ಅವರಲ್ಲಿದ್ದರು. ತರಬೇತಿಯ ನಡುವೆ ಒಂದು ದಿನ ಅವರನ್ನೆಲ್ಲ ವಿಶಾಲವಾದ ಶೆಡ್ಡೊಂದರಲ್ಲಿ ಸೇರಿಸಿ, ನಿಮ್ಮ ಸಂಗಡಿಗರನ್ನು ನೀವೇ ಆರಿಸಿಕೊಳ್ಳಿರೆಂದು ಬಿಡುತ್ತಿದ್ದರು. ಅಪರಿಚಿತರು ಮಾತಾಡಿಕೊಂಡು ಗುಂಪಾಗುತ್ತಿದ್ದರು. ಅಂದು ಹಾಗೆ ಕೈಹಿಡಿದ ಅನೇಕರು ಒಟ್ಟಿಗೇ ಸತ್ತರು.

ಒಂದು ಸರದಿಗೆ ಮೂವತ್ತು ದಾಳಿಗಳು. ಅವನ್ನು ಮುಗಿಸಿದವನಿಗೆ ವಿಶ್ರಾಂತಿ. ೧೯೪೩-೪೪ರ ಚಳಿಗಾಲದಲ್ಲಿ ಬರ್ಲಿನ್ ನಗರದ ಮೇಲೆ ದಾಳಿಗಳು ನಡೆಯುತ್ತಿದ್ದಾಗ ಒಂದೊಂದು ರಾತ್ರಿ ಹೊರಟ ನೂರು ವಿಮಾನಗಳಲ್ಲಿ ಸುಮಾರು ಐದು ಹಿಂದಿರುಗುತ್ತಿರಲಿಲ್ಲ. ನೂರಕ್ಕೆ ಐದು ಎಂದರೆ ಅಲ್ಪವೆಂದು ತೋರಬಹುದು. ಆದರೆ ಲೆಕ್ಕವನ್ನು ಮೂವತ್ತು ಸಲ ಮುಂದುವರಿಸಿದರೆ, ಹೊರಟ ನೂರು ಮಂದಿಯಲ್ಲಿ ಸರದಿಯ ಕೊನೆಗೆ ಉಳಿಯುವವರು ಇಪ್ಪತ್ತೊಂದು ಜನ ಮಾತ್ರ. ನಷ್ಟವು ನೂರಕ್ಕೆ ನಾಲ್ಕೆಂದು ಹಿಡಿದರೂ ಉಳಿಯುವವರು ಇಪ್ಪತ್ತೊಂಬತ್ತು. ೧೯೪೪ರ ಮಾರ್ಚ್ ೩೦ರ ರಾತ್ರಿ ನ್ಯೂರೆಂಬರ್ಗ್ ಎಂಬ ನಗರಕ್ಕೆ ೭೯೫ ವಿಮಾನಗಳು ಹೊರಟವು. ಬೆಳುದಿಂಗಳಿತ್ತು. ೯೫ ವಿಮಾನಗಳು ಮರಳಲಿಲ್ಲ. ಐನೂರಕ್ಕೂ ಹೆಚ್ಚು ಮಂದಿ ಒಂದೇ ರಾತ್ರಿಯಲ್ಲಿ ಮಡಿದರು.

ಯುದ್ಧವು ಮುಗಿಯುವಷ್ಟರಲ್ಲಿ ಈ ಪಡೆಯಲ್ಲಿ ಹಾರಾಡಿದ ಸುಮಾರು ೧,೨೫,೦೦೦ ಮಂದಿಯಲ್ಲಿ ೫೫,೫೭೩ ಮಂದಿ ಸತ್ತಿದ್ದರು. ಎಂದರೆ ನೂರಕ್ಕೆ ನಲವತ್ತನಾಲ್ಕು. ೮,೪೦೩ ಮಂದಿ ಗಾಯಗೊಂಡರು. ೯,೮೩೮ ಮಂದಿ ಸೆರೆಸಿಕ್ಕರು. ಶತ್ರುವನ್ನು ಕಾಣುವ ಮೊದಲೇ, ತರಬೇತಿಯ ಅಪಘಾತಗಳಲ್ಲಿ ಸತ್ತವರೇ ಐದು ಸಾವಿರಕ್ಕಿಂತ ಹೆಚ್ಚು. ಕೊಡೆ ಹಿಡಿದು ನೆಲಕ್ಕಿಳಿದವರಲ್ಲಿ ಕೆಲವರನ್ನು ಊರವರು ಹೊಡೆದು ಕೊಂದರು. ಬೆಲ್ಜಿಯಂ, ಫ್ರಾನ್ಸ್ ದೇಶಗಳಲ್ಲಿ ಇಳಿದ ಕೆಲವರನ್ನು ಅಲ್ಲಿನ ಸಾಮಾನ್ಯ ಗೃಹಸ್ಥರು ಪ್ರಾಣದ ಹಂಗು ತೊರೆದು ಮನೆಯಲ್ಲಿ ಬಚ್ಚಿಟ್ಟು, ಗಡಿ ದಾಟಿಸಿ ಸ್ಪೇನಿಗೆ ಕಳುಹಿಸಿದರು. ಸಮಾಧಿಯೂ ಇಲ್ಲದೆ ಕಾಣೆಯಾದ ವಾಯುಪಡೆಯವರ ಇಪ್ಪತ್ತು ಸಾವಿರಕ್ಕೂ ಮಿಕ್ಕ ಹೆಸರುಗಳನ್ನು ಇಂಗ್ಲೆಂಡಿನ ರನ್ನಿಮೀಡ್ ಎಂಬಲ್ಲಿ ೧೯೫೩ರಲ್ಲಿ ನಿರ್ಮಿಸಿದ ಸ್ಮಾರಕದಲ್ಲಿ ಕೆತ್ತಲಾಗಿದೆ. ಅವರಲ್ಲಿ ಬಹುಮಂದಿ ಬಾಂಬರು ವಿಮಾನದವರು. ೧೯೪೩ರ ಮಾರ್ಚಿಯಲ್ಲಿ ಬರ್ಲಿನ್ನಿನಿಂದ ಮರಳುವಾಗ ಉರುಳಿದ ಸ್ಟರ್ಲಿಂಗ್ ಎಂಬ ವಿಮಾನವೊಂದನ್ನು ಹಾಲೆಂಡಿನ ಸರೋವರದ ತಳದಿಂದ ಹೊರತೆಗೆದುದು ೨೦೨೦ರಲ್ಲಿ, ಎಪ್ಪತ್ತೇಳು ವರ್ಷಗಳ ಅನಂತರ.

ಸಾಕಾಯಿತು, ಇನ್ನು ಹಾರಲಾರೆ ಎಂದವನ ಗತಿಯೇನು? ಅವನ ಕಡತದಲ್ಲಿ ನೈತಿಕ ಸತ್ವವಿಲ್ಲದವನು ಎಂಬ ಅರ್ಥದ ಮಾತನ್ನು ಬರೆದು, ಪದವಿಯನ್ನೂ ಎದೆಯ ರೆಕ್ಕೆಯ ಚಿಹ್ನೆಯನ್ನೂ ಕಿತ್ತುಕೊಳ್ಳುತ್ತಿದ್ದರು. ಕೊಲ್ಲಲಾರದವನನ್ನೂ ಸಾಯಲಂಜುವವನನ್ನೂ ಆ ಮಾತು ಬೇರೆಮಾಡಿ ನೋಡಲಿಲ್ಲ.

ಗುರಿಯು ಅಗಲವಾದ ಬಗೆ

ಈಗ ವಿಮಾನದ ಕೆಳಗಿನ ನೆಲವನ್ನು ನೋಡಬೇಕು. ಯುದ್ಧದ ಮೊದಲ ದಿನವಾದ ೧೯೩೯ರ ಸೆಪ್ಟೆಂಬರ್ ೧ರಂದು, ನಿಶ್ಶಸ್ತ್ರ ನಾಗರಿಕರ ಮೇಲೆ ಬಾಂಬು ಹಾಕಬಾರದೆಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು ಎಲ್ಲ ಸರಕಾರಗಳನ್ನೂ ಬೇಡಿಕೊಂಡರು. ಬ್ರಿಟನ್ ಒಪ್ಪಿತು. ಮೊದಲ ತಿಂಗಳುಗಳಲ್ಲಿ ಅದರ ವಿಮಾನಗಳು ಯುದ್ಧನೌಕೆಗಳನ್ನು ಹುಡುಕಿದವು. ನಗರಗಳ ಮೇಲೆ ಕರಪತ್ರಗಳನ್ನು ಉದುರಿಸಿದವು. ಇದನ್ನು ಒಂದು ರಾಷ್ಟ್ರದ ವ್ರತವೆಂದೇ ಕರೆಯಬಹುದು.

ಅನಂತರ ವಾರ್ಸಾ ಉರಿಯಿತು, ರಾಟರ್‌ಡ್ಯಾಮ್ ಉರಿಯಿತು. ೧೯೪೦-೪೧ರ ಜರ್ಮನ್ ದಾಳಿಗಳಲ್ಲಿ ಬ್ರಿಟನ್ನಿನ ನಾಗರಿಕರು ನಲವತ್ತು ಸಾವಿರಕ್ಕೂ ಮಿಕ್ಕಿ ಸತ್ತರು. ಕ್ರೋಧವು ಹುಟ್ಟಲು ಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಕಾರ್ಖಾನೆ, ರೈಲು ನಿಲ್ದಾಣ, ಎಣ್ಣೆಯ ಕೊಠಾರಗಳೇ ನಮ್ಮ ಗುರಿಯೆಂದು ಬ್ರಿಟನ್ ಹೇಳುತ್ತಿತ್ತು. ಹಗಲಿನಲ್ಲಿ ಹೋದರೆ ವಿಮಾನಗಳು ಉಳಿಯುತ್ತಿರಲಿಲ್ಲ. ಆದುದರಿಂದ ರಾತ್ರಿ ಹೊರಟರು. ರಾತ್ರಿಯಲ್ಲಿ ಗುರಿ ಕಾಣುತ್ತಿರಲಿಲ್ಲ. ೧೯೪೧ರ ಆಗಸ್ಟಿನಲ್ಲಿ ವಿಮಾನಗಳೇ ತೆಗೆದ ಚಿತ್ರಗಳನ್ನು ಪರೀಕ್ಷಿಸಿದಾಗ ಸತ್ಯವು ಹೊರಬಿತ್ತು. ಗುರಿಯ ಮೇಲೆ ದಾಳಿ ಮಾಡಿದೆವೆಂದು ಹೇಳಿದ ಮೂರು ವಿಮಾನಗಳಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತು. ಕಾರ್ಖಾನೆಗಳ ಹೊಗೆ ಮುಸುಕಿದ ರೂರ್ ಪ್ರದೇಶದಲ್ಲಿ ಹತ್ತಕ್ಕೆ ಒಂದು.

ಇಲ್ಲಿ ವಿವೇಕಕ್ಕೆ ಎರಡು ದಾರಿಗಳಿದ್ದುವು. ಬಾಣವು ಗುರಿಯನ್ನು ತಲುಪದಿದ್ದರೆ ಬಿಲ್ಲನ್ನು ಕೆಳಗಿಡುವುದು ಒಂದು. ಗುರಿಯನ್ನೇ ಬಾಣ ಬೀಳುವಷ್ಟು ಅಗಲ ಮಾಡುವುದು ಇನ್ನೊಂದು. ೧೯೪೨ರ ಫೆಬ್ರವರಿ ೧೪ರ ಆಜ್ಞೆಯಲ್ಲಿ ಎರಡನೆಯ ದಾರಿಯನ್ನು ಹಿಡಿದರು. ಶತ್ರುದೇಶದ ನಾಗರಿಕರ, ವಿಶೇಷವಾಗಿ ಕಾರ್ಮಿಕರ, ಮನೋಬಲವನ್ನು ಮುರಿಯುವುದೇ ಇನ್ನು ಮುಂದೆ ಮುಖ್ಯ ಉದ್ದೇಶವೆಂದು ಅದರಲ್ಲಿ ಬರೆಯಲಾಯಿತು. ೧೯೪೩ರ ಜುಲೈ ೨೭ರ ರಾತ್ರಿ ಹ್ಯಾಂಬರ್ಗ್ ನಗರದಲ್ಲಿ ಬೆಂಕಿಯೇ ಬಿರುಗಾಳಿಯಾಗಿ ಬೀದಿಬೀದಿಗಳನ್ನು ನುಂಗಿತು. ಆ ವಾರದ ದಾಳಿಗಳಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ಸತ್ತರು. ೧೯೪೫ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು ೨೫,೦೦೦. ೧೯೪೪ರ ಫೆಬ್ರವರಿ ೯ರಂದು ಬ್ರಿಟಿಷ್ ಶ್ರೀಮಂತರ ಸಭೆಯಲ್ಲಿ ಬಿಷಪ್ ಜಾರ್ಜ್ ಬೆಲ್ ಅವರು ಎದ್ದು ನಿಂತು, ನಗರಗಳನ್ನು ಹೀಗೆ ಸುಡುವುದು ನ್ಯಾಯವೇ ಎಂದು ಕೇಳಿದರು. ಆಳುವವರು ಕಿವಿಗೊಡಲಿಲ್ಲ.

ಒಬ್ಬ ಯುವಕನ ಇಳಿತ

ರಾಷ್ಟ್ರದ ಈ ಇಳಿತವನ್ನೇ ತನ್ನೊಬ್ಬನ ಅಂತರಂಗದಲ್ಲಿ ಕಂಡು, ಮರೆಮಾಚದೆ ಬರೆದಿಟ್ಟವರು ಫ್ರೀಮನ್ ಡೈಸನ್. ಮುಂದೆ ಜಗತ್ಪ್ರಸಿದ್ಧ ಭೌತವಿಜ್ಞಾನಿಯಾದ ಇವರು ೧೯೪೩ರ ಜುಲೈಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ಬಾಂಬರು ಪಡೆಯ ಮುಖ್ಯ ಕಚೇರಿಯಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದರು. ೧೯೭೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಹೇಳುವ ಸಂಗತಿಯು ನಮ್ಮ ಗಮನಕ್ಕೆ ಯೋಗ್ಯವಾಗಿದೆ.

ಯುದ್ಧವು ಆರಂಭವಾದಾಗ ಅವರು ತಮ್ಮನ್ನು ಗಾಂಧೀಜಿಯ ಅನುಯಾಯಿಯೆಂದು ಕರೆದುಕೊಳ್ಳುತ್ತಿದ್ದರು. ಸಕಲ ಹಿಂಸೆಯೂ ಅವರಿಗೆ ತ್ಯಾಜ್ಯವಾಗಿತ್ತು. ಒಂದು ವರ್ಷ ಕಳೆಯಿತು. ಹಿಟ್ಲರನ ಮುಂದೆ ಅಹಿಂಸೆಯು ನಡೆಯಲಾರದು, ಆದರೆ ಬಾಂಬು ಹಾಕುವುದಂತೂ ಸಲ್ಲದು ಎಂದುಕೊಂಡರು. ಇನ್ನೂ ಕೆಲವು ಕಾಲವಾಯಿತು. ಗೆಲ್ಲಲು ಬಾಂಬು ಅವಶ್ಯವಿರಬಹುದು, ಆದರೆ ನಗರಗಳನ್ನು ವಿವೇಚನೆಯಿಲ್ಲದೆ ಸುಡುವುದು ಸಲ್ಲದು ಎಂದುಕೊಂಡು ಕೆಲಸಕ್ಕೆ ಸೇರಿದರು. ಸೇರಿದ ಮೇಲೆ ನಡೆಯುತ್ತಿರುವುದು ಅದೇ ಎಂದು ತಿಳಿಯಿತು. ಗೆಲುವಿಗೆ ನೆರವಾಗುವುದರಿಂದ ಅದೂ ನ್ಯಾಯವೆಂದುಕೊಂಡರು. ಮತ್ತೊಂದು ವರ್ಷಕ್ಕೆ, ಗೆಲುವಿಗೂ ಅದರಿಂದ ಹೆಚ್ಚಿನ ನೆರವಿಲ್ಲವೆಂದು ತಾವು ಹಾಕಿದ ಲೆಕ್ಕವೇ ಹೇಳಿತು. ಆಗ, ವಿಮಾನದ ಹುಡುಗರ ಜೀವ ಉಳಿಸಲಿಕ್ಕಾದರೂ ತಾವು ಇಲ್ಲಿರಬೇಕು ಎಂದುಕೊಂಡರು. ಯುದ್ಧದ ಕೊನೆಯ ವಸಂತದಲ್ಲಿ ಹೇಳಿಕೊಳ್ಳಲು ಯಾವ ನೆಪವೂ ಉಳಿದಿರಲಿಲ್ಲ. ಆದರೂ ಕೆಲಸವನ್ನು ಬಿಡಲಿಲ್ಲ.

ಇಲ್ಲಿ ಕೊನೆಯ ನೆಪವನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅದು ದಯೆಯ ನೆಪ. ಮತ್ತು ಆ ದಯೆಯು ಸುಳ್ಳಾಗಿರಲಿಲ್ಲ. ಉರುಳಿದ ಲಂಕಾಸ್ಟರಿನಿಂದ ಪಾರಾಗುತ್ತಿದ್ದವರು ನೂರಕ್ಕೆ ಹದಿನೈದು ಮಾತ್ರವೆಂದೂ, ಹ್ಯಾಲಿಫಾಕ್ಸ್ ಎಂಬ ಹಳೆಯ ವಿಮಾನದಿಂದ ಇಪ್ಪತ್ತೈದು ಮಂದಿ ಪಾರಾಗುತ್ತಿದ್ದರೆಂದೂ ಅವರು ಬರೆದಿದ್ದಾರೆ. ಒಂದು ಕಾರಣ ತೀರ ಸಣ್ಣದು: ಲಂಕಾಸ್ಟರಿನಲ್ಲಿ ಹೊರಕ್ಕೆ ಹಾರುವ ಕಿಂಡಿಯ ಅಗಲ ಇಪ್ಪತ್ತೆರಡು ಅಂಗುಲ, ಇನ್ನೊಂದರಲ್ಲಿ ಇಪ್ಪತ್ತನಾಲ್ಕು. ದಪ್ಪ ಉಡುಪು ತೊಟ್ಟು ಕೊಡೆಯನ್ನು ಕಟ್ಟಿಕೊಂಡವನಿಗೆ ಕತ್ತಲಲ್ಲಿ, ತಲೆಕೆಳಗಾಗಿ ಬೀಳುತ್ತಿರುವ ವಿಮಾನದಲ್ಲಿ, ಆ ಎರಡಂಗುಲವೇ ಜೀವ ಮರಣಗಳ ಅಂತರ. ಅವರ ಸಹೋದ್ಯೋಗಿಯೊಬ್ಬರು ಕಿಂಡಿಯನ್ನು ಅಗಲಿಸಲು ಬಹುಕಾಲ ಹೋರಾಡಿದರು. ಅದು ಕೈಗೂಡುವ ವೇಳೆಗೆ ಯುದ್ಧವೇ ಮುಗಿಯುತ್ತ ಬಂದಿತ್ತು.

ಇನ್ನೊಂದು ಲೆಕ್ಕವನ್ನೂ ಅವರು ಹೇಳುತ್ತಾರೆ. ಅನುಭವ ಹೆಚ್ಚಿದಂತೆ ಅಪಾಯ ಕಡಮೆಯಾಗುವುದೆಂದು ಹುಡುಗರಿಗೆ ಹೇಳುತ್ತಿದ್ದರು. ಆದರೆ ಅವರು ಅಂಕಿಗಳನ್ನು ಪರೀಕ್ಷಿಸಿದ ಕಾಲದಲ್ಲಿ ಇಪ್ಪತ್ತೈದು ಸಲ ಹೋಗಿಬಂದವರೂ ಹೊಸಬರಷ್ಟೇ ಸುಲಭವಾಗಿ ಸಾಯುತ್ತಿದ್ದರು. ಈ ಸತ್ಯವು ಸಾಯಲಿದ್ದವರ ಕಿವಿಗೆ ಬೀಳಲಿಲ್ಲ. ಅಹಿಂಸಾವ್ರತವು ಕೆಟ್ಟಲ್ಲಿ ಸತ್ಯವ್ರತವು ಒಂಟಿಯಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ದಯೆಯೇನೋ ನಿಜವಾದುದೇ. ಆದರೆ ಅದು ಹೊರಗಿನ ಹಿಂಸೆಯನ್ನು ತಡೆಯುವ ಬದಲು, ಹಿಂಸೆಯ ಮನೆಯಲ್ಲಿ ಉಳಿದುಕೊಳ್ಳಲು ಕಾರಣವನ್ನು ಒದಗಿಸಿತು.

ಹಿಂಸೆ ಯಾರದು?

ಹಾಗಾದರೆ ಪಾಪದ ಭಾರ ಯಾರ ಮೇಲೆ? ಗುಂಡಿಯನ್ನು ಒತ್ತಿದವನು ಒಬ್ಬ. ಬಾಂಬು ಬಿದ್ದ ಸ್ಥಳದ ಚಿತ್ರ ಬರಲೆಂದು ಅನಂತರವೂ ಅರ್ಧ ನಿಮಿಷ, ಸುತ್ತಲೂ ಗುಂಡು ಸಿಡಿಯುತ್ತಿದ್ದರೂ ಅಲುಗದೆ ನೇರವಾಗಿ ವಿಮಾನವನ್ನು ನಡೆಸಿದವನು ಇನ್ನೊಬ್ಬ. ದಾರಿ ತೋರಿದವನು ಮತ್ತೊಬ್ಬ. ಕಚೇರಿಯಲ್ಲಿ ಕುಳಿತು ನಗರವನ್ನು ಆರಿಸಿದವನು, ಅಂಕಿಗಳನ್ನು ಕೂಡಿಸಿದವನು, ಬೆಳಗಿನ ಪತ್ರಿಕೆಯಲ್ಲಿ ಓದಿ ಭೇಷ್ ಎಂದವನು, ಹೀಗೆ ಸಾಲು ಬೆಳೆಯುತ್ತದೆ. ಮನೋವಚನಕಾಯಗಳಿಂದಲೂ ಕೃತ, ಕಾರಿತ, ಅನುಮೋದಿತಗಳಿಂದಲೂ ಹಿಂಸೆಯು ನವವಿಧವೆಂದು ಶಾಸ್ತ್ರವು ಹೇಳಿದುದು ಬರಿಯ ಎಣಿಕೆಗಾಗಿಯಲ್ಲ. ಹಿಂಸೆಯನ್ನು ಒಬ್ಬನು ಮಾಡಿ ಫಲವನ್ನು ಅನೇಕರು ಉಣ್ಣುವುದುಂಟು, ಅನೇಕರು ಮಾಡಿ ಒಬ್ಬನು ಉಣ್ಣುವುದುಂಟು ಎಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವೇಚಿಸಿದ್ದಾರೆ. ತೀವ್ರಭಾವವೇ ಮಂದಭಾವವೇ, ತಿಳಿದೋ ತಿಳಿಯದೆಯೋ ಎಂಬುದರಿಂದ ಆಸ್ರವದಲ್ಲಿ ಭೇದವುಂಟೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ತಿಳಿಸುತ್ತದೆ. ನಡುಗುತ್ತ ಹಾರಿದ ಇಪ್ಪತ್ತರ ಹುಡುಗನ ಭಾವವನ್ನೂ, ಬೆಚ್ಚನೆಯ ಕೋಣೆಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟವನ ಭಾವವನ್ನೂ ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಸತ್ತ ಹುಡುಗನಿಗೂ, ಕೆಳಗೆ ನೆಲಮಾಳಿಗೆಯಲ್ಲಿ ಮಗುವನ್ನು ಅಪ್ಪಿಕೊಂಡು ಸತ್ತ ತಾಯಿಗೂ ಕರುಣೆಯನ್ನು ತೋರುವುದಷ್ಟೇ ನಮಗೆ ಉಳಿದಿರುವುದು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಗೃಹಸ್ಥನಿಗೆ ವಿರೋಧೀ ಹಿಂಸೆಯ ಸಂಪೂರ್ಣ ತ್ಯಾಗವನ್ನು ವಿಧಿಸಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನೂ ರಣರಂಗದಲ್ಲಿ ಕಾದಿದವನೇ. ಹೀಗಿರುವಾಗ ಹಿಟ್ಲರನಂಥ ಘಾತಕನನ್ನು ಎದುರಿಸಿದವರನ್ನು ಹೇಗೆ ದೂಷಿಸುವುದು? ಆಕ್ಷೇಪವು ಬಲವಾದುದು. ಆ ಯುದ್ಧವನ್ನು ಯಾರೂ ಎದುರಿಸದೆ ಬಿಡಬೇಕಾಗಿತ್ತೆಂದು ಈ ಲೇಖನವು ಹೇಳುತ್ತಿಲ್ಲ. ಆದರೆ ವಿರೋಧೀ ಹಿಂಸೆಗೂ ಒಂದು ಬೇಲಿಯಿದೆ. ಮೇಲೆ ಬೀಳುವ ಆಯುಧಪಾಣಿಯನ್ನು ತಡೆಯುವುದು ವಿರೋಧ. ಅವನ ಊರಿನಲ್ಲಿ ನಿದ್ರಿಸುತ್ತಿರುವವರನ್ನು ಕೊಂದರೆ ಅವನು ಹೆದರಿಯಾನೆಂದು ಮೊದಲೇ ಯೋಚಿಸಿ, ಬರೆದಿಟ್ಟು, ಕೊಲ್ಲುವುದು ಸಂಕಲ್ಪ. ೧೯೪೨ರ ಆಜ್ಞೆಯಲ್ಲಿ ವಿರೋಧವು ಸಂಕಲ್ಪಕ್ಕೆ ಹೊರಳಿತು. ಹೊರಳಿದಾಗ ಹೆಸರು ಮಾತ್ರ ಹಿಂದಿನದೇ ಉಳಿಯಿತು, ಆತ್ಮರಕ್ಷಣೆ.

ಮೊದಲ ಮೆಟ್ಟಿಲು

ನಮ್ಮ ಮೊದಲ ಪ್ರಶ್ನೆಗೆ ಈಗ ಹಿಂದಿರುಗಬಹುದು. ಡೈಸನ್ನರ ವ್ರತವು ಕೆಟ್ಟುದು ಕಚೇರಿಯ ಬಾಗಿಲನ್ನು ದಾಟಿದಾಗಲಲ್ಲ; ಅದು ವ್ಯತಿಕ್ರಮ. ಅಂಕಿಗಳನ್ನು ಕೂಡಿಸತೊಡಗಿದಾಗಲೂ ಅಲ್ಲ, ಅದು ಅತಿಚಾರ. ನೆಪಗಳೆಲ್ಲ ತೀರಿದ ಮೇಲೂ ಉಳಿದುಕೊಂಡುದು ಅನಾಚಾರ. ಇವೆಲ್ಲಕ್ಕೂ ಮೂಲವಾದುದು, ಈ ವ್ರತವು ಈ ಸಂದರ್ಭಕ್ಕೆ ಅನ್ವಯಿಸುವುದಿಲ್ಲ ಎಂದು ಮನಸ್ಸು ಮೊದಲ ಸಲ ಸದ್ದಿಲ್ಲದೆ ಹೇಳಿಕೊಂಡ ಕ್ಷಣ. ಆಗ ಯಾವ ಬಾಂಬೂ ಬಿದ್ದಿರಲಿಲ್ಲ. ಆ ಒಂದು ಮಾತನ್ನು ಒಪ್ಪಿದ ಮೇಲೆ ಮುಂದಿನ ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಕೆಳಗಿತ್ತು. ಒಂದೊಂದು ಮೆಟ್ಟಿಲಿನಲ್ಲಿಯೂ ಇಷ್ಟಕ್ಕೆ ನಿಲ್ಲುತ್ತೇನೆ ಎಂಬ ಹೊಸ ಗಡಿಯೂ ಇತ್ತು. ಆ ಗಡಿಗಳು ನಿಲ್ಲಲಿಲ್ಲ, ಏಕೆಂದರೆ ಅವು ವ್ರತಗಳಾಗಿರಲಿಲ್ಲ. ಆ ಹೊತ್ತಿನ ಅನುಕೂಲಗಳಾಗಿದ್ದುವು.

ಗಾಂಧೀಜಿಯವರ ಹೆಸರು ಇಲ್ಲಿ ಬಂದುದರಿಂದ ಒಂದು ಮಾತು. ೧೮೮೮ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಾಗ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆಯನ್ನು ತಾಯಿಯ ಮುಂದೆ ಅವರಿಂದ ಮಾಡಿಸಿದವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಮುನಿಗಳು. ಪರದೇಶದ ಚಳಿಯಲ್ಲಿ ಮಾಂಸವಿಲ್ಲದೆ ಬದುಕಲಾರಿರೆಂದು ಸ್ನೇಹಿತರು ವಾದಿಸಿದಾಗ, ಆ ತರುಣನಿಗೆ ವಾದದಲ್ಲಿ ಗೆಲ್ಲುವ ಶಕ್ತಿಯಿರಲಿಲ್ಲ. ಪ್ರತಿಜ್ಞೆಯೆಂದರೆ ಪ್ರತಿಜ್ಞೆಯೇ ಎಂಬ ನಿಲುವಷ್ಟೇ ಅವರನ್ನು ಕಾಪಾಡಿತು. ಅಭಿಪ್ರಾಯಕ್ಕೂ ವ್ರತಕ್ಕೂ ಇರುವ ವ್ಯತ್ಯಾಸ ಇದು. ಅಭಿಪ್ರಾಯವು ಉತ್ತಮವಾದ ವಾದವೊಂದು ಬಂದಾಗ ಬದಲಾಗುತ್ತದೆ, ಬದಲಾಗಲೂಬೇಕು. ವ್ರತವಾದರೋ ವಾದಶಕ್ತಿಯು ಸೋತ ದಿನದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ ಇರತಕ್ಕದ್ದು.

ಬಾಂಬರು ವಿಮಾನದಲ್ಲಿ ನೂರಕ್ಕೂ ಹೆಚ್ಚು ಸಲ ಹಾರಿ, ೧೯೪೫ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದುದನ್ನೂ ಆಕಾಶದಿಂದ ನೋಡಿದ ಲೆನರ್ಡ್ ಚೆಶೈರ್ ಎಂಬವರು, ೧೯೪೮ರಲ್ಲಿ ಆಸರೆಯಿಲ್ಲದೆ ಸಾಯುತ್ತಿದ್ದ ಒಬ್ಬ ರೋಗಿಯನ್ನು ಮನೆಗೆ ಕರೆತಂದು ಶುಶ್ರೂಷೆ ಮಾಡಿದರು. ಅಂಗವಿಕಲರಿಗಾಗಿ ಅವರ ಹೆಸರಿನಲ್ಲಿ ಬೆಳೆದ ಗೃಹಗಳು ಅನೇಕ ದೇಶಗಳಲ್ಲಿವೆ, ನಮ್ಮ ಬೆಂಗಳೂರಿನಲ್ಲಿಯೂ ಒಂದಿದೆ. ತಾವು ಮಾಡಿದ ಯುದ್ಧವು ತಪ್ಪೆಂದು ಅವರು ಹೇಳಲಿಲ್ಲ; ಆದುದರಿಂದ ಆ ಸೇವೆಯನ್ನು ಪ್ರಾಯಶ್ಚಿತ್ತವೆಂದು ಕರೆಯಲು ನಮಗೆ ಅಧಿಕಾರವಿಲ್ಲ. ಎಷ್ಟು ದೂರ ಹೋದ ಮೇಲೆಯೂ ಜೀವವು ಕರುಣೆಯ ಕಡೆಗೆ ತಿರುಗಬಲ್ಲುದೆಂದು ಮಾತ್ರ ಅದರಿಂದ ತಿಳಿಯಬಹುದು.

ಇಂದು ಬಾಂಬು ಹಾಕಲು ಮನುಷ್ಯನು ಆಕಾಶಕ್ಕೆ ಏರಲೇಬೇಕೆಂದಿಲ್ಲ. ಸಾವಿರಾರು ಮೈಲಿ ದೂರದ ಕೋಣೆಯಲ್ಲಿ ಕುಳಿತು ಅದನ್ನು ಮಾಡಬಹುದು. ನಾವು ಊಟದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಅದನ್ನು ನೋಡಬಹುದು. ನೋಡಿ ಹಿಗ್ಗುವುದು ಅನುಮೋದನೆ. ಬೆಳಿಗ್ಗೆ ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಅನಂತರ ಯಾವುದೋ ನಗರವು ಉರಿಯುವುದನ್ನು ಕಂಡು ತಕ್ಕ ಶಾಸ್ತಿಯಾಯಿತೆಂದು ಮಕ್ಕಳ ಮುಂದೆ ಆಡಿದರೆ, ಹೊಟ್ಟೆಯ ಉಪವಾಸ ನಡೆದಿರಬಹುದು. ಅಹಿಂಸಾಣುವ್ರತಕ್ಕೆ ಕುಂದು ಬಂದಿತು. ನಮ್ಮ ಮಕ್ಕಳು ಮುಂದೆ ಯಾವ ಕಚೇರಿಯಲ್ಲಿ ಕುಳಿತು ಯಾವ ಅಂಕಿಗಳನ್ನು ಕೂಡಿಸುವರೋ ನಾವು ಅರಿಯೆವು.

ಆದುದರಿಂದ ಸಂಜೆಯ ಪ್ರತಿಕ್ರಮಣದಲ್ಲಿ ಇಂದು ಏನನ್ನು ಮಾಡಿದೆನೆಂದು ಕೇಳಿಕೊಂಡರೆ ಸಾಲದು. ಇಂದು ಮನಸ್ಸು ಯಾವ ವ್ರತಕ್ಕೆ, ಯಾವ ನೆಪದಿಂದ, ಮೊದಲ ಸಲ ವಿನಾಯಿತಿಯನ್ನು ಕೇಳಿತು ಎಂದು ಹುಡುಕಬೇಕು. ಆ ನೆಪವು ದಯೆಯ ವೇಷದಲ್ಲಿ ಬಂದಿದ್ದರೆ ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕು. ಬರುವ ಚತುರ್ದಶಿಯ ಉಪವಾಸದಂದು ಮನೆಯ ಹಿರಿಯರು ಕಿರಿಯರಿಗೆ ಮುದಿ ಎತ್ತಿನ ದೃಷ್ಟಾಂತವನ್ನು ಹೇಳುವಾಗ, ಆ ಐವತ್ತೈದು ಸಾವಿರ ಹುಡುಗರನ್ನೂ ಅವರ ಕೆಳಗೆ ಸತ್ತ ಅಸಂಖ್ಯ ಜನರನ್ನೂ ನೆನೆದು, ಸಕಲ ಜೀವಗಳಲ್ಲಿಯೂ ಮೈತ್ರಿಯನ್ನು ಭಾವಿಸಲಿ.